ಕೆಳಗಿಳಿದ ಕನ್ನಡಿ

"ಇದೂ ಇಲ್ಲೇ ಐತಿ," ಅಂದರು ಉಮಾಬಾಯಿ.

ಹಸಿರು ಇಳಕಲ್ ಸೀರೆಯನ್ನು ಹ್ಯಾಂಗರ್ ಸಮೇತ ಹೊರಗೆಳೆದು, ಸೆರಗನ್ನು ಒಮ್ಮೆ ಮೂಗಿಗೆ ಹಿಡಿದು, ಮತ್ತೆ ಅದರ ಜಾಗದಲ್ಲೇ ನೇತುಹಾಕಿದರು. ಪಕ್ಕದಲ್ಲಿ ನಾರಾಯಣಪೇಟೆ ಸೀರೆ. ಅದರಾಚೆ ಆಫೀಸಿನ ಚೂಡಿದಾರಗಳ ಉದ್ದ ಸಾಲು.

"ನಾ ಕೊಡಿಸಿದ ಶಾಲು ಐತಿ. ಕೆಂಪು ಸ್ವೆಟರ್ ಐತಿ. ದಿನಾ ಮೆಟ್ಟೋ ಚಪ್ಪಲಿ ಸುದ್ದಾ ಐತಿ. ಮನಿ ಬಿಟ್ಟು ಹೋದಾಕಿ ಏನು ಹಾಕ್ಕೊಂಡು ಹೋದಳವ್ವಾ?"

ಅಹಲ್ಯಾ ಆ ಚಪ್ಪಲಿಯನ್ನು ತಿರುಗಿಸಿ ನೋಡಿದಳು. ಚಿತ್ರಾ ಕಾಣೆಯಾಗಿ ವಾರ ಕಳೆದಿತ್ತು. ಜಗಳವಾಡಿ ಬಟ್ಟೆಬರೆ ಕಟ್ಟಿಕೊಂಡು ಹೋದಳು ಎಂಬುದು ಗಂಡ ಚಂದ್ರಹಾಸನ ಮಾತು. ಅದನ್ನು ನಂಬದ ತಾಯಿ ಉಮಾಬಾಯಿ ರಾಯಚೂರಿನಿಂದ ತೆಲುಗು ಸೀಮೆಯ ಈ ನಗರಕ್ಕೆ ಬಂದವರೇ, ಪೊಲೀಸ್ ಕೆಲಸ ಬಿಟ್ಟು ಇಲ್ಲಿನ ಬರ್ಕತ್‌ಪುರದಲ್ಲಿ ಖಾಸಗಿ ಪತ್ತೇದಾರಿ ಕಚೇರಿ ತೆರೆದಿದ್ದ ತಮ್ಮ ಸೀಮೆಯ ಅಹಲ್ಯಾಳ ಬಾಗಿಲು ತಟ್ಟಿದ್ದರು.

ಮುಂಜಾನೆ ಆಫೀಸಿಗೆ ಹೊರಡುವ ಮುನ್ನ ಚಂದ್ರಹಾಸ ತಾನೇ ಅವರಿಬ್ಬರನ್ನೂ ಮನೆಯ ಲಿಫ್ಟಿನಲ್ಲಿ ಮಹಡಿಯ ಈ ಡ್ರೆಸ್ಸಿಂಗ್ ರೂಮಿಗೆ ಕರೆತಂದಿದ್ದ. ಎಡಗೋಡೆಯ ಖಾಲಿ ಸರಳನ್ನು ತೋರಿಸಿ, "ನೋಡಿ, ಇಲ್ಲಿದ್ದದ್ದೆಲ್ಲ ತೆಗೆದುಕೊಂಡು ಹೋಗಿದ್ದಾಳೆ" ಅಂದಿದ್ದ. ಸರಳಿನ ಮೇಲೆ ಬರಿಯ ಹ್ಯಾಂಗರ್‌ಗಳು ತೂಗುತ್ತಿದ್ದವು. ಆದರೆ ಬಲಗೋಡೆಯಲ್ಲಿ ಚಿತ್ರಾಳ ಬಟ್ಟೆಗಳು ಒಂದೂ ಬಿಡದೆ ಇದ್ದವು.

ಹಾಗಾದರೆ ಎಡಗೋಡೆಯಲ್ಲಿದ್ದದ್ದು ಯಾರ ಬಟ್ಟೆ?

ಅಹಲ್ಯಾ ಕೋಣೆಯ ನಡುವೆ ನಿಂತು ಸುತ್ತ ನೋಡಿದಳು. ಮೊದಲ ಸಲ ಒಳಗೆ ಕಾಲಿಟ್ಟಾಗ ಅವಳಿಗೆ ಸಣ್ಣಗೆ ನಗು ಬಂದಿತ್ತು. ಬಟ್ಟೆ ಹಾಕಿಕೊಳ್ಳುವುದಕ್ಕೇ ಇಷ್ಟು ದೊಡ್ಡ ಕೋಣೆ! ಅವಳ ಮನೆಯಲ್ಲಿ ಕೈತೊಳೆಯುವ ಜಾಗದ ಮೇಲೆ ಮೊಳೆಗೆ ತೂಗುಹಾಕಿದ ಕನ್ನಡಿಯೊಂದಿತ್ತು. ಅದರ ಮುಂದೆ ಅವಳು ನಿಲ್ಲುತ್ತಿದ್ದುದು ಹಣೆಗೆ ಬೊಟ್ಟು ಇಡುವಷ್ಟು ಹೊತ್ತು. ಮಾದಾಪುರ, ಕೊಂಡಾಪುರದ ಬಂಡೆಗಳನ್ನು ಒಡೆದು ಕಟ್ಟಿದ ಈ ಹೊಸ ಮನೆಗಳಲ್ಲಿ ಇಂಥ ಕೋಣೆ ಈಗ ಎಲ್ಲರಿಗೂ ಬೇಕಂತೆ ಎಂದು ಕೇಳಿದ್ದಳು. ಸಾಫ್ಟ್‌ವೇರಿನವರ ಶೋಕಿ ಎಂದು ಅಲ್ಲಿಗೇ ಬಿಟ್ಟಿದ್ದಳು.

ಈಗ ನಗು ಬರಲಿಲ್ಲ.

ಈ ಕೋಣೆಯಲ್ಲಿ ಶೋಕಿ ಕಡಿಮೆ ಇತ್ತು. ತಿಳಿ ಜೇನುಬಣ್ಣದ ಮರದ ಬೀರುಗಳು. ಬಣ್ಣ ಸರಿಯಾಗಿ ಕಾಣಲೆಂದು ಪೂರ್ವಕ್ಕೆ ತೆರೆದ ಅಗಲ ಕಿಟಕಿ, ಅದಕ್ಕೆ ಕೆನೆಬಣ್ಣದ ಪರದೆ. ಮುಖದ ಮೇಲೆ ನೆರಳು ಬೀಳದಂತೆ ದೊಡ್ಡ ಕನ್ನಡಿಯ ಎರಡೂ ಮಗ್ಗುಲಲ್ಲಿ ಹಾಲುಗಾಜಿನ ದೀಪಗಳು. ಬಳೆಗೆ, ಓಲೆಗೆ ಮಖಮಲ್ಲು ಹಾಸಿದ ಡ್ರಾಯರುಗಳು. ನಡುವೆ ಏನೂ ಇರಲಿಲ್ಲ. ಒಂದು ಜಮಖಾನೆ ಕೂಡ ಇರಲಿಲ್ಲ.

ಎಡಗೋಡೆಯಲ್ಲಿ ಇನ್ನೊಂದು ಕನ್ನಡಿ ಇತ್ತು. ಅಹಲ್ಯಾ ಅದರ ಮುಂದೆ ಹೋಗಿ ನಿಂತಳು. ಕಾಲು ಕಂಡಿತು, ಸೀರೆಯ ನಿರಿಗೆ ಕಂಡಿತು, ಸೊಂಟ ಕಂಡಿತು. ತಲೆ ಮಾತ್ರ ಕಾಣಲಿಲ್ಲ.

"ಇದೇನ್ರಿ ಕಾಕೂ, ನಿಂತ್ರ ಮಾರಿನ ಕಾಣೂದಿಲ್ಲ!"

"ಬಡಿಗ್ಯಾರು ಅಳತಿ ತಪ್ಪ್ಯಾರೇನೋ," ಅಂದರು ಉಮಾಬಾಯಿ.

ಅಹಲ್ಯಾ ಮೊಣಕಾಲು ಮಡಿಸಿ ಕೆಳಗೆ ಬಗ್ಗಿದಳು. ಈಗ ಕನ್ನಡಿಯಲ್ಲಿ ಅವಳು ಪೂರ್ತಿ ಇದ್ದಳು, ನೆತ್ತಿಯಿಂದ ಪಾದದ ತನಕ. ಅದೇ ಎತ್ತರದಿಂದ ಕೈ ಚಾಚಿದರೆ ಖಾಲಿ ಸರಳು ಸಿಕ್ಕಿತು. ದೀಪದ ಸ್ವಿಚ್ಚು ಸಿಕ್ಕಿತು. ಗೋಡೆಗೆ ಗಟ್ಟಿಯಾಗಿ ಕೂರಿಸಿದ ಉಕ್ಕಿನ ಹಿಡಿಕೆ ಸಿಕ್ಕಿತು. ಬಾಗಿಲ ಕಡೆ ನೋಡಿದಳು. ಹೊಸ್ತಿಲಿರಲಿಲ್ಲ. ಮರದ ನೆಲದ ಮೇಲೆ ಬಾಗಿಲಿಂದ ಕನ್ನಡಿಯವರೆಗೆ ರಬ್ಬರು ಉಜ್ಜಿದಂಥ ಮಸುಕು ಗೆರೆಗಳು ಜೋಡಿಯಾಗಿ ಬಂದು ನಿಂತಿದ್ದವು.

ಅಳತೆ ತಪ್ಪಿರಲಿಲ್ಲ. ಯಾರೋ ಬಹಳ ಪ್ರೀತಿಯಿಂದ ತೆಗೆದುಕೊಂಡ ಅಳತೆ ಅದು.

"ಕಾಕೂ, ಈ ಖೋಲಿ ಮಾಡಿದವರು ಯಾರು, ಗೊತ್ತೈತೇನ್ರಿ?"

"ಕೃಪಾ ಅಂತ, ಮೈಸೂರು ಹುಡುಗಿ. ಚಿತ್ರಾ ಫೋನಿನಾಗ ಭಾಳ ಸಲ ಆಕಿ ಹೆಸರು ಹೇಳತಿದ್ದಳು."

* * *

ಕೃಪಾಳ ಕಚೇರಿ ಹಿಮಾಯತ್‌ನಗರದ ಅಂಗಡಿಯೊಂದರ ಮೇಲಿತ್ತು. ಗೋಡೆಯ ತುಂಬ ಮರದ ತುಂಡುಗಳು, ಹಿಡಿಕೆಗಳು, ಪರದೆಬಟ್ಟೆಯ ಮಾದರಿಗಳು. ಚಿತ್ರಾ ಕಾಣೆಯಾಗಿದ್ದಾಳೆಂದು ಕೇಳಿ ಆ ಹುಡುಗಿ ಕೂತಲ್ಲೇ ಬಿಳಿಚಿಕೊಂಡಳು.

"ನಂಗೆ ಯಾರೂ ಹೇಳ್ಲೇ ಇಲ್ಲ ಮೇಡಂ. ಫೋನ್ ಆಫ್ ಬರ್ತಿತ್ತು, ಊರಿಗೆ ಹೋಗಿರ್ಬೇಕು ಅಂದ್ಕೊಂಡೆ."

"ಎಡಗೋಡಿ ಕನ್ನಡಿ ಅಷ್ಟು ಕೆಳಗ ಯಾಕ ಹಾಕಿದ್ರಿ?"

"ಅದು ಚಿತ್ರಾ ಹೇಳಿದ್ದು. ಮೊದಲು ನಾನು ಎಲ್ಲರಿಗೂ ಹಾಕೋ ಪ್ಲಾನೇ ಹಾಕಿದ್ದೆ. ಮಧ್ಯದಲ್ಲಿ ಒಡವೆಗೆ ಗಾಜಿನ ಕಪಾಟು, ಮೇಲೆ ತೂಗುದೀಪ, ಚಾವಣಿ ಮುಟ್ಟೋ ಬೀರುಗಳು. ಅವರು ಕೆಂಪು ಪೆನ್ನು ತಗೊಂಡು ಮಧ್ಯದ್ದೆಲ್ಲ ಹೊಡೆದುಹಾಕಿದ್ರು. ಇಲ್ಲಿ ತಿರುಗೋಕೆ ಜಾಗ ಬೇಕು ಅಂದ್ರು."

"ಯಾರಿಗೆ?"

"ಅವರ ನಾದಿನಿಗೆ. ಪ್ರೇಮಾ ಅಂತ. ವೀಲ್‌ಚೇರಲ್ಲಿ ಇರ್ತಾರಲ್ಲ, ಅವರಿಗೆ."

ಉಮಾಬಾಯಿ ಅಹಲ್ಯಾಳ ಮುಖ ನೋಡಿದರು. "ಯಾವ ನಾದಿನಿ? ನಮ್ಮ ಅಳಿಯಾರಿಗೆ ಒಡಹುಟ್ಟಿದವರು ಯಾರೂ ಇಲ್ಲ. ಒಬ್ಬನೇ ಮಗ ಅಂತ ಲಗ್ನದ ಮಾತುಕತಿಯಾಗ ಹೇಳಿದ್ರು."

"ಇದಾರಮ್ಮ. ನಾನೇ ನೋಡಿದೀನಿ." ಕೃಪಾಳ ಧ್ವನಿ ಮೆತ್ತಗಾಯಿತು. "ಮಂಗಳೂರು ಕಡೆ ಯಾವುದೋ ಆಶ್ರಮದಲ್ಲಿ ಇಟ್ಟಿದ್ರಂತೆ. ಚಿತ್ರಾಗೆ ಗೊತ್ತಾಗಿ ಹೋಗಿ ಕರ್ಕೊಂಡು ಬಂದ್ರು. ಬೀರು ತಯಾರಾಗ್ತಿದ್ದಾಗ ಸನತ್‌ನಗರದ ವರ್ಕ್‌ಶಾಪಿಗೆ ಇಬ್ಬರೂ ಬಂದಿದ್ರು. ಪ್ರೇಮಾ ಕೂತಲ್ಲಿಂದ್ಲೇ ಒಂದೊಂದು ಹಿಡಿಕೆ ಹಿಡಿದು, ಡ್ರಾಯರ್ ಎಳೆದು ನೋಡಿದ್ರು. ಆಮೇಲೆ ಕನ್ನಡಿ ಇನ್ನೂ ಕೆಳಗಿಳಿಸಿ ಅಂದ್ರು. ಇಷ್ಟು ವರ್ಷ ಕನ್ನಡಿಯಲ್ಲಿ ನನ್ನ ತಲೆ ಮಾತ್ರ ನೋಡಿದೀನಿ, ಸೀರೆ ಅಂಚು ಹೇಗೆ ಬಿದ್ದಿದೆ ಅಂತ ಇನ್ನೊಬ್ಬರನ್ನ ಕೇಳ್ಬೇಕು, ಅದೊಂದು ಸಾಕಾಗಿದೆ ಅಂದ್ರು."

ಕೆಳಗಿನ ರಸ್ತೆಯಲ್ಲಿ ಆಟೋಗಳು ಕೂಗುತ್ತಿದ್ದವು.

"ಕೂತೇ ಉಡೋ ಹಾಗೆ ಚಿತ್ರಾ ಪ್ರೇಮಾಗೆ ಸೀರೆಗಳನ್ನ ಹೊಲಿಸಿದ್ರು," ಅಂದಳು ಕೃಪಾ. "ಯಾರ ಕೈಯೂ ಬೇಡದೆ ಅವಳು ತಾನೇ ರೆಡಿ ಆಗಿ ಆ ಕೋಣೆಯಿಂದ ಹೊರಗೆ ಬರ್ಬೇಕು, ನಂಗೆ ಅಷ್ಟೇ ಸಾಕು ಅಂತಿದ್ರು. ಹೋದ ತಿಂಗಳು ಕೋಣೆ ಮುಗೀತು. ಪ್ರೇಮಾ ಆ ಮನೆಯಲ್ಲೇ ಇರೋಕೆ ಶುರು ಮಾಡಿದ್ರು."

"ಚಂದ್ರಹಾಸ ಅವರು ಏನಂದ್ರು?"

"ಅವರು ಆ ಕೋಣೆ ಕಡೆ ತಲೆ ಹಾಕಿದ್ದೇ ಕಡಿಮೆ. ಯಾವಾಗ್ಲೂ ಟೂರು." ಕೃಪಾ ಸ್ವಲ್ಪ ತಡೆದಳು. "ಒಂದು ಮಾತು. ಪ್ರೇಮಾ ವರ್ಕ್‌ಶಾಪಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ರು. ಏನು ಕೆಲ್ಸ ಅಂದೆ. ಅಣ್ಣನ ಕಂಪನಿಯ ಮೊದಲ ಸಾಫ್ಟ್‌ವೇರ್ ಬರೆದದ್ದು ನಾನು, ಈಗ ಅದನ್ನ ಅಮೆರಿಕದವರು ಕೊಳ್ತಾರಂತೆ, ನನ್ನನ್ನ ಒಂದು ಮಾತೂ ಕೇಳಿಲ್ಲ ಅಂತ ನಗ್ತಾ ಹೇಳಿದ್ರು. ಚಿತ್ರಾ ಮಾತ್ರ ನಗ್ಲಿಲ್ಲ."

ಮೆಟ್ಟಿಲು ಇಳಿಯುವಾಗ ಉಮಾಬಾಯಿ ನಡುವೆಯೇ ಕಟಕಟೆ ಹಿಡಿದು ನಿಂತರು.

"ಅವ್ವಾ, ನೀ ಬಂದಾಗ ನಿನಗ ಒಬ್ಬರನ್ನ ತೋರಸ್ತೀನಿ, ಈಗ ಹೇಳೂದಿಲ್ಲ ಅಂತಿದ್ದಳು ಚಿತ್ರಾ. ನಾ ಹುಚ್ಚಿ, ಬಸುರಿ ಆಗ್ಯಾಳಂತ ತಿಳಕೊಂಡು ದೇವರಿಗೆ ತುಪ್ಪದ ದೀಪ ಹಚ್ಚಿದ್ದೆ."

ಅಹಲ್ಯಾ ಅವರ ಕೈ ಹಿಡಿದುಕೊಂಡಳು. ಸಮಾಧಾನದ ಮಾತು ಹೇಳುವುದು ಅವಳಿಗೆ ಯಾವತ್ತೂ ಬರುತ್ತಿರಲಿಲ್ಲ. ಅವಳ ತಲೆಯೊಳಗೆ ಒಂದೇ ಲೆಕ್ಕ ಓಡುತ್ತಿತ್ತು. ಹುಡುಕಬೇಕಾದದ್ದು ಒಬ್ಬಳನ್ನಲ್ಲ, ಇಬ್ಬರನ್ನು.

* * *

ಚಂದ್ರಹಾಸ ಸಂಜೆಯ ಬಿಸಿಲು ಇನ್ನೂ ಇರುವಾಗಲೇ ಬಂದ. ಇಸ್ತ್ರಿ ಮುದುಡದ ಅಂಗಿ, ಕೊರಳಲ್ಲಿ ಆಫೀಸಿನ ಬಿಲ್ಲೆ. ಹಿಮಾಯತ್‌ನಗರದಿಂದ ಮರಳಿದ್ದ ಇಬ್ಬರೂ ಡ್ರೆಸ್ಸಿಂಗ್ ರೂಮಿನಲ್ಲೇ ಇರುವುದನ್ನು ಕಂಡು ಅವನ ಹುಬ್ಬು ಸ್ವಲ್ಪ ಮೇಲೇರಿತು.

"ಎಂತ ಮಾರಾಯ್ರೇ, ಬೆಳಗಿಂದ ಇಲ್ಲೇ ಇದ್ದೀರಾ? ಅತ್ತೆ, ನೀವಾದರೂ ಊಟ ಮಾಡಿದಿರಾ ಇಲ್ಲವಾ?"

ಉಮಾಬಾಯಿ ಮಗಳ ಚಪ್ಪಲಿಯನ್ನು ಕೈಗೆತ್ತಿಕೊಂಡರು. ಅಹಲ್ಯಾ ಎಡಗೋಡೆಯ ಕನ್ನಡಿಯ ಪಕ್ಕದಲ್ಲಿದ್ದ ಅಲಂಕಾರದ ಮೇಜಿನ ಮೇಲೆ ಕೈ ಊರಿದಳು.

"ಒಂದು ಸಣ್ಣ ಮಾತು ಕೇಳೂದಿತ್ರಿ. ಇಷ್ಟು ಚಂದ ಮೇಜು ಮಾಡಿಸ್ಯಾರ. ಕೂಡಾಕ ಒಂದು ಸ್ಟೂಲ್ ಯಾಕ ಇಲ್ಲ?"

"ಚಿತ್ರಾ ತರುವವಳಿದ್ದಳು. ಅಷ್ಟರಲ್ಲಿ ಹೀಗಾಯಿತು."

"ಮೇಜಿನ ಕೆಳಗ ಒಂದು ಡ್ರಾಯರ್ ಸುದ್ದಾ ಇಲ್ಲ. ಪೂರಾ ಖಾಲಿ ಬಿಟ್ಟಾರ."

"ಅದನ್ನು ಡಿಸೈನ್ ಮಾಡಿದವರನ್ನು ಕೇಳಬೇಕು. ನನಗೆ ಇದೆಲ್ಲ ಗೊತ್ತಿಲ್ಲ."

"ಕೇಳಿ ಬಂದೀವ್ರಿ," ಅಂದಳು ಅಹಲ್ಯಾ. "ತಮ್ಮ ಕುರ್ಚಿ ತಮ್ಮ ಜೋಡಿನ ತರೋರಿಗೆ ಸ್ಟೂಲ್ ಬೇಕಾಗೂದಿಲ್ಲ."

ಚಂದ್ರಹಾಸನ ಮುಖ ಬದಲಾಗಲಿಲ್ಲ. ಕೈ ಮಾತ್ರ ಕೊರಳ ಬಿಲ್ಲೆಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿತು.

"ನಿಮ್ಮ ತಂಗಿ ಪ್ರೇಮಾ ಎಲ್ಲಿ ಅದಾರ?"

ಅವನು ಕಿಟಕಿಯ ಕಡೆ ಹೋಗಿ ಪರದೆ ಸರಿಸಿ ಹೊರಗೆ ನೋಡಿದ. ಪಕ್ಕದ ಮನೆಗಳಿಗೆ ಇನ್ನೂ ಯಾರೂ ಬಂದಿರಲಿಲ್ಲ. ಕಿಟಕಿಗಳಿಗೆ ಗಾಜು ಕೂಡ ಕೂರಿಸಿರಲಿಲ್ಲ.

"ಇದು ನಮ್ಮ ಮನೆಯ ವಿಷಯ," ಎಂದ ಕೊನೆಗೆ. ಧ್ವನಿ ತಗ್ಗಿತ್ತು. "ಕಾಲೇಜಿನಲ್ಲಿದ್ದಾಗ ಅವಳಿಗೆ ಅಪಘಾತ ಆಯಿತು. ಸೊಂಟದ ಕೆಳಗೆ ಸ್ವಾಧೀನ ಇಲ್ಲ. ನನ್ನ ಮದುವೆ ಮಾತು ಬಂದಾಗ ಅಮ್ಮ ಹೇಳುವುದು ಬೇಡ ಅಂದರು. ನಾನೂ ಸುಮ್ಮನಿದ್ದೆ. ತಪ್ಪು ಅಂತ ಗೊತ್ತುಂಟು ಅತ್ತೆ. ಆದರೆ ಅದು ಅಪರಾಧ ಅಲ್ಲವಲ್ಲ?"

"ಅಪರಾಧ ಅಂತ ಯಾರೂ ಅಂದಿಲ್ರಿ. ಆಕಿ ಎಲ್ಲಿ ಅದಾರ ಅಂತ ಕೇಳಿದೆ."

"ಅವಳನ್ನು ಇಲ್ಲಿ ಇಟ್ಟುಕೊಳ್ಳುವುದು ಬೇಡ ಅಂದೆ. ಅದಕ್ಕೇ ಜಗಳ. ಚಿತ್ರಾ ಸಿಟ್ಟು ಮಾಡಿಕೊಂಡು ಹೋದಳು. ಆಮೇಲೆ ಪ್ರೇಮಾಳನ್ನು ನೋಡಿಕೊಳ್ಳುವವರು ಯಾರು? ನಾನು ಆಫೀಸು ನೋಡುವುದೋ, ಇವಳನ್ನು ನೋಡುವುದೋ? ನಾಚಾರಂ ಕಡೆ ಒಂದು ಒಳ್ಳೆಯ ಆರೈಕೆ ಮನೆ ಉಂಟು. ಅಲ್ಲಿ ಬಿಟ್ಟು ಬಂದೆ."

"ಆಕಿ ಬಟ್ಟಿ?"

"ಅವಳ ಜೊತೆಗೇ ಕಳಿಸಿದ್ದೇನೆ."

"ಅಂದ್ರ ಈ ಸರಳಿನ ಮ್ಯಾಲಿದ್ದದ್ದು ಪ್ರೇಮಾನ ಬಟ್ಟಿ."

"ಹೌದು."

"ಮುಂಜಾನಿ ಇದನ್ನ ತೋರಿಸಿ, ಚಿತ್ರಾ ತಗೊಂಡು ಹೋಗ್ಯಾಳ ಅಂದ್ರಿ."

ಉಮಾಬಾಯಿ ನಿಧಾನವಾಗಿ ಅಳಿಯನ ಎದುರಿಗೆ ಬಂದರು. ಅವರ ಕೈಯಲ್ಲಿ ಮಗಳ ಚಪ್ಪಲಿ ಇತ್ತು.

"ಆಕಿ ಬಟ್ಟಿ ಎಲ್ಲಾ ಇಲ್ಲೇ ಅದಾವ. ಚಪ್ಪಲಿ ಇಲ್ಲೇ ಐತಿ. ನನ್ನ ಮಗಳು ಬರಿಗಾಲಿಲೆ ಹೋದಳೇನ್ರಿ?"

"ಅತ್ತೆ, ನಿಮ್ಮ ಮಗಳ ಹತ್ತಿರ ಎಷ್ಟು ಚಪ್ಪಲಿ ಉಂಟು ಅಂತ ನಿಮಗೇನು ಗೊತ್ತು? ಇಲ್ಲಿಗೆ ಬಂದ ಮೇಲೆ ಕೊಂಡದ್ದೆಲ್ಲ ನೀವು ನೋಡಿದ್ದೀರಾ?" ಅವನ ದನಿ ಮೊದಲ ಬಾರಿ ಗಡುಸಾಯಿತು. ತಕ್ಷಣ ಅದನ್ನು ಹಿಡಿದುಕೊಂಡ. "ಬೆಳಿಗ್ಗೆ ಸುಳ್ಳು ಹೇಳಿದ್ದು ಪ್ರೇಮಾಳ ಹೆಸರು ಹೊರಗೆ ಬರಬಾರದು ಅಂತ. ಬೇರೆ ಏನೂ ಇಲ್ಲ."

ಅಹಲ್ಯಾ ಅವನನ್ನೇ ನೋಡುತ್ತಿದ್ದಳು. ಅವನ ಮಾತಿನ ಒಂದೊಂದು ತುಂಡೂ ಹೊಂದಿಕೊಳ್ಳುತ್ತಿತ್ತು. ಪೊಲೀಸ್ ಕೆಲಸದಲ್ಲಿ ಅವಳು ಕಲಿತದ್ದೆಂದರೆ, ಪೂರಾ ಸುಳ್ಳು ಹೇಳುವವರಿಗಿಂತ ನಿಜವನ್ನು ಅಳೆದು ಅಳೆದು ಕೊಡುವವರೇ ಹೆಚ್ಚು ಅಪಾಯಕಾರಿ.

"ಪ್ರೇಮಾನ ಜೋಡಿ ಮಾತಾಡಬೇಕ್ರಿ."

"ಮಾತಾಡುವ ಸ್ಥಿತಿಯಲ್ಲಿಲ್ಲ. ಚಿತ್ರಾ ಹೋದದ್ದು ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ. ಮಾತ್ರೆ ಕೊಡುತ್ತಿದ್ದಾರೆ."

"ಆಕಿ ಅಲ್ಲಿ ಅದಾರ ಅನ್ನೂದಾದ್ರೂ ಖಾತ್ರಿ ಮಾಡ್ಕೋಬೇಕಲ್ಲ."

ಅವನು ಹಗುರಾಗಿ ನಕ್ಕ. ಆ ನಗುವಿನಲ್ಲಿ ಭಯವಿರಲಿಲ್ಲ. ಅಹಲ್ಯಾಗೆ ಅದೇ ಹಿಡಿಸಲಿಲ್ಲ.

"ಫೋನ್ ಮಾಡಿ, ಈಗಲೇ. ನಂಬರ್ ನಾನೇ ಕೊಡುತ್ತೇನೆ."

ಕೊಟ್ಟ. ಅಹಲ್ಯಾ ತನ್ನ ಮೊಬೈಲಿನಲ್ಲಿ ಒತ್ತಿದಳು. ಅತ್ತಲಿಂದ ಒಂದು ಹೆಣ್ಣುದನಿ ತೆಲುಗಿನಲ್ಲಿ ಮಾತಾಡಿತು. ಅಹಲ್ಯಾ ತೆಲುಗಿನಲ್ಲೇ, ತಾನು ಪ್ರೇಮಾಳ ಕಡೆಯವಳು, ಆಕೆ ಹೇಗಿದ್ದಾಳೆಂದು ಕೇಳಲು ಮಾಡಿದೆ ಎಂದಳು.

"ನಿಮ್ಮ ತೆಲುಗಿನಾಗ ನಮ್ಮೂರು ಕೇಳಾಕತ್ತೈತ್ರಿ," ಎಂದು ಅತ್ತಲಿನವರು ನಕ್ಕರು. "ಕನ್ನಡದಾಗ ಮಾತಾಡ್ರಿ. ನಾ ಪಾರ್ವತಿಬಾಯಿ, ಕೊಪ್ಪಳದಾಕಿ. ಇಲ್ಲಿ ಮೇಲ್ವಿಚಾರಣಿ ನನ್ನದ. ಪ್ರೇಮಾ ಅರಾಮ ಅದಾಳ್ರಿ. ಹೋದ ವಾರ ಅಣ್ಣಾವ್ರು ಕಾರಿನಾಗ ಕರಕೊಂಡು ಬಂದು ಬಿಟ್ಟು ಹೋದ್ರು. ವೀಲ್‌ಚೇರ್ ಸುದ್ದಾ ತಂದಿದ್ರು."

"ಮಾತಾಡ್ತಾರೇನ್ರಿ?"

"ಬಂದಾಗ ಭಾಳ ಒದರ್ಯಾಡಿದಳ್ರಿ ಪಾಪ. ನಾ ಪ್ರೇಮಾ ಅಲ್ಲ, ನಾ ಪ್ರೇಮಾ ಅಲ್ಲ ಅಂತ ಒಂದ ಸವನ. ತಲಿ ಸರಿ ಇಲ್ಲ, ಹಂಗ ಅಂತಾಳ, ಕಿವಿಗೆ ಹಾಕ್ಕೋಬ್ಯಾಡ್ರಿ ಅಂತ ಅಣ್ಣಾವ್ರು ಮೊದಲ ಹೇಳಿದ್ರು. ಗುಳಿಗಿ ಕೊಡಾಕತ್ತೀವಿ. ಈಗ ಸುಮ್ಮನ ಆಗ್ಯಾಳ."

ಚಂದ್ರಹಾಸ ಅಹಲ್ಯಾಳನ್ನೇ ನೋಡುತ್ತಿದ್ದ. ಅವಳು ಅವನಿಗೆ ಬೆನ್ನು ಮಾಡಿ ತಿರುಗಿದಳು. ಆದರೆ ಆ ಕೋಣೆಯಲ್ಲಿ ಮುಖ ಮರೆಮಾಡಲು ಜಾಗವೇ ಇರಲಿಲ್ಲ. ಎದುರಿನ ದೊಡ್ಡ ಕನ್ನಡಿಯಲ್ಲಿ, ಎರಡು ದೀಪಗಳ ನಡುವೆ, ಅವಳ ಮುಖ ಸ್ಪಷ್ಟವಾಗಿತ್ತು. ಅದರ ಹಿಂದೆ ಅವನ ಕಣ್ಣು.

"ಹಾಂ ಹಾಂ, ಒಳ್ಳೇದಾತು ಬಿಡ್ರಿ," ಅಂದಳು, ಸಲೀಸಾಗಿ.

"ಇನ್ನೊಂದು ಛಲೋ ಸುದ್ದಿ ಐತಿ, ಕೇಳ್ರಿ," ಪಾರ್ವತಿಬಾಯಿಯ ದನಿ ಸಂಭ್ರಮದಿಂದ ಏರಿತು. "ಇಷ್ಟು ವರ್ಷ ಕಾಲೂರದ ಹುಡುಗಿ, ಇವತ್ತ ಮಧ್ಯಾಹ್ನ ತಾನ ಎದ್ದು ನಿಂತಳ್ರಿ! ಗ್ವಾಡಿ ಹಿಡಕೊಂಡು ಬಾಗಲತನಕ ನಡದು ಬಂದಳು. ನಾವೆಲ್ಲಾ ನೋಡಿ ಕೈ ಮುಗದ್ವಿ."

ಆ ದನಿ ಹೊರಗೆ ಕೇಳದಂತೆ ಅಹಲ್ಯಾ ಮೊಬೈಲನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

"ಅಣ್ಣಾವ್ರಿಗೆ ಇನ್ನೂ ಹೇಳಿಲ್ರಿ, ಕೆಲಸದ ಗದ್ದಲದಾಗ ಆಗ್ಲಿಲ್ಲ. ನೀವು ಫೋನ್ ಮಾಡಿದ್ದು ಛಲೋ ಆತು, ನೆನಪಾತು. ಈಗ ಮಾಡಿ ಹೇಳ್ತೀನಿ. ಭಾಳ ಖುಷಿ ಆಗ್ತಾರ."

"ತಡೀರಿ, ಒಂದು ನಿಮಿಷ..."

ಅತ್ತ ಫೋನ್ ಇಟ್ಟಾಗಿತ್ತು.

"ಎಂತ ಹೇಳಿದರು?" ಕೇಳಿದ ಚಂದ್ರಹಾಸ.

"ಪ್ರೇಮಾ ಅಲ್ಲೇ ಅದಾರಂತ್ರಿ."

"ನಾನು ಹೇಳಿದೆನಲ್ಲ." ಅವನ ಭುಜಗಳು ಸಡಿಲಾದವು.

ಅಹಲ್ಯಾ ಉಮಾಬಾಯಿಯ ಮಣಿಕಟ್ಟು ಹಿಡಿದಳು. ಮಗಳು ಬದುಕಿದ್ದಾಳೆ ಎಂದು ಆ ತಾಯಿಗೆ ಕೂಗಿ ಹೇಳಬೇಕೆನಿಸಿತು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಎದ್ದಿತು. ನಾಚಾರಂನಲ್ಲಿ ಗುಳಿಗೆಯ ಮಂಪರಿನಲ್ಲಿ, ಪ್ರೇಮಾಳ ಹೆಸರಿನಲ್ಲಿ, ಪ್ರೇಮಾಳ ಕುರ್ಚಿಯಲ್ಲಿ ಇರುವವಳು ಚಿತ್ರಾ. ಹಾಗಾದರೆ ಕುರ್ಚಿಯಿಲ್ಲದೆ ಕೋಣೆಯ ಬಾಗಿಲನ್ನೂ ದಾಟಲಾರದ ಪ್ರೇಮಾ ಎಲ್ಲಿ?

"ನಡೀರಿ ಕಾಕೂ, ಹೊತ್ತಾತು. ನಾಳೆ ಬರೋಣು."

ಉಮಾಬಾಯಿ ಮಗಳ ಚಪ್ಪಲಿಯನ್ನು ಎದೆಗವಚಿಕೊಂಡೇ ಹೆಜ್ಜೆ ಇಟ್ಟರು. ಚಂದ್ರಹಾಸ ದಾರಿ ಬಿಟ್ಟು, ಮರ್ಯಾದೆಯಿಂದ ಬಾಗಿಲ ಬಳಿಗೆ ಸರಿದು ನಿಂತ.

ಆಗ ಅವನ ಜೇಬಿನಲ್ಲಿ ಮೊಬೈಲು ಬಡಿದುಕೊಳ್ಳತೊಡಗಿತು.

ಅವನು ತೆಗೆದು ನೋಡಿದ. ಕಿವಿಗಿಟ್ಟುಕೊಂಡ. "ಹೇಳಿ," ಎಂದ. ಸ್ವಲ್ಪ ಹೊತ್ತು ಕೇಳಿಸಿಕೊಂಡ. ಮುಖದ ಮೇಲಿನ ನಗು ಹಾಗೇ ಇತ್ತು, ಆದರೆ ಕಣ್ಣು ಒಂದೊಂದೇ ಕನ್ನಡಿ ದಾಟಿ ಬಂದು ಅಹಲ್ಯಾಳ ಮೇಲೆ ನಿಂತಿತು.

"ಹೌದಾ? ಭಾರೀ ಸಂತೋಷ," ಅಂದ ಚಂದ್ರಹಾಸ, ಮತ್ತು ಇನ್ನೊಂದು ಕೈಯಿಂದ ಕೋಣೆಯ ಬಾಗಿಲನ್ನು ಮೆಲ್ಲಗೆ ಒಳಗಿನಿಂದ ಮುಚ್ಚಿದ.